ಮರಗೆಣಸಿನ ಪರೀಕ್ಷೆ ನಮ್ಮ ಮಣ್ಣಿನಲ್ಲಿಯೇ ನಡೆಯಲಿ

ನಮ್ಮ ಮನೆಗಳಲ್ಲಿ ಹಬ್ಬಹರಿದಿನಗಳಂದು ಪಾಯಸಕ್ಕೆ ಬಳಸುವ ಸಬ್ಬಕ್ಕಿಯು ಧಾನ್ಯವಲ್ಲ, ಮರಗೆಣಸಿನ ಪಿಷ್ಟದಿಂದ ತಯಾರಾದ ಕಾಳು ಎಂಬುದು ಅನೇಕ ಸದ್ಭಕ್ತರಿಗೆ ತಿಳಿದೇ ಇದೆ. ಅದರ ಬಹುಪಾಲು ತಮಿಳುನಾಡಿನ ಸೇಲಂ ಸೀಮೆಯಿಂದ ಬರುತ್ತದೆ. ಗೆಡ್ಡೆಯನ್ನೇ ಊಟವಾಗಿಸಿಕೊಂಡವರು ಕೇರಳದವರು. ಕೇರಳಕ್ಕೆ ಸಮೀಪವಾದ ಹವೆಯುಳ್ಳ ಹೊನ್ನಾವರದ ಗುಡ್ಡದ ಇಳಿಜಾರುಗಳಲ್ಲಿ ಸುಧಾರಿತ ತಳಿಗಳನ್ನು ತರಿಸಿ ಬೆಳೆಯಬಾರದೇಕೆ ಎಂಬ ಪ್ರಶ್ನೆ ಸಹಜವಾದುದು. ಬೆಳೆಯಬಹುದು, ಆದರೆ ಯಾವ ತಳಿ ಎಂಬುದನ್ನು ಅರಿತು ಬೆಳೆಯಬೇಕು.

ತಿರುವನಂತಪುರದ ಶ್ರೀಕಾರ್ಯಂನಲ್ಲಿ 1963ರಲ್ಲಿ ಸ್ಥಾಪನೆಗೊಂಡ ಕೇಂದ್ರೀಯ ಗೆಡ್ಡೆ ಬೆಳೆಗಳ ಸಂಶೋಧನಾ ಸಂಸ್ಥೆಯು 1971ರಲ್ಲಿ ಎಚ್-97, ಎಚ್-165, ಎಚ್-226 ಎಂಬ ಸಂಕರ ತಳಿಗಳನ್ನು ಬಿಡುಗಡೆ ಮಾಡಿತು. ಇವುಗಳಲ್ಲಿ ಕಡೆಯ ಎರಡು ಪಿಷ್ಟದ ಕಾರ್ಖಾನೆಗಳಿಗೆ ಅಚ್ಚುಮೆಚ್ಚು. ಇಳುವರಿಯ ಕೀರ್ತಿಯನ್ನು ಕೇಳಿ ಅವನ್ನೇ ಅಡುಗೆಗೆಂದು ಹಿತ್ತಲಿನಲ್ಲಿ ನೆಡುವುದು ವಿವೇಕವಲ್ಲ. ಮರಗೆಣಸಿನಲ್ಲಿ ಸಯನೈಡ್ ವಿಷವನ್ನು ಬಿಡುಗಡೆ ಮಾಡುವ ಅಂಶವಿರುತ್ತದೆ. ಕಾರ್ಖಾನೆಯ ಕಹಿ ತಳಿಗಳಲ್ಲಿ ಅದು ಹೆಚ್ಚು, ಸಿಪ್ಪೆಯಲ್ಲಿ ಇನ್ನೂ ಹೆಚ್ಚು. 1998ರಲ್ಲಿ ಬಂದ ಶ್ರೀಜಯ, ಶ್ರೀವಿಜಯ ತಳಿಗಳು ಊಟಕ್ಕೆ ಒಗ್ಗುವಂಥವು. ಆರೇಳು ತಿಂಗಳಲ್ಲಿಯೇ ಕೀಳಲು ಬರುತ್ತವೆ. ತಳಿ ಯಾವುದೇ ಇರಲಿ, ಸಿಪ್ಪೆಯನ್ನು ಪೂರ್ಣವಾಗಿ ತೆಗೆದು, ಹೇರಳ ನೀರಿನಲ್ಲಿ ಬೇಯಿಸಿ, ಆ ನೀರನ್ನು ಬಸಿದು ಚೆಲ್ಲಬೇಕು. ಹಸಿಯ ಗೆಡ್ಡೆಯನ್ನು ಮಕ್ಕಳ ಕೈಗೆ ಕೊಡಲಾಗದು. ಹಸಿ ಎಲೆಯು ಕೊಟ್ಟಿಗೆಯ ದನಕರುಗಳಿಗೂ ಅಪಾಯಕರ.

ಇನ್ನೊಂದು ಕೇಡು ಕಾಂಡದೊಡನೆಯೇ ಬರುತ್ತದೆ. ಎಲೆ ಹಳದಿ-ಹಸಿರು ಮಚ್ಚೆಯಾಗಿ ಮುರುಟುವ ಮೊಸಾಯಿಕ್ ರೋಗವು ಬಿಳಿನೊಣದಿಂದ ಹರಡುವುದಾದರೂ, ಊರಿಂದೂರಿಗೆ ಅದನ್ನು ಸಾಗಿಸುವವರು ನಾವೇ. ನೆಂಟರು ಪ್ರೀತಿಯಿಂದ ಕೊಟ್ಟ ನಾಲ್ಕು ಕಾಂಡಗಳು ಇಡೀ ಕೇರಿಗೆ ರೋಗವನ್ನು ತರಬಲ್ಲವು. ನೈಜೀರಿಯಾದ ಸಂಶೋಧನಾ ಕೇಂದ್ರದಿಂದ ಬಂದ ಮೂಲದಿಂದ ಶ್ರೀಪದ್ಮನಾಭ ಎಂಬ ರೋಗನಿರೋಧಕ ತಳಿ ನಮ್ಮ ದೇಶಕ್ಕೆ ದೊರೆತಿದೆ. ಅದು ಸಿಗದಿದ್ದಲ್ಲಿ, ಎಲೆ ಇರುವಾಗಲೇ ಗಿಡವನ್ನು ಕಂಡು, ನಿರೋಗಿಯಾದುದರಿಂದ ಮಾತ್ರ ಕಾಂಡವನ್ನು ತರತಕ್ಕದ್ದು.

ಅಖಿಲ ಭಾರತ ಗೆಡ್ಡೆ ಬೆಳೆಗಳ ಸಮನ್ವಿತ ಸಂಶೋಧನಾ ಯೋಜನೆಯ ಕೇಂದ್ರವೊಂದು ನಮ್ಮ ಧಾರವಾಡದಲ್ಲಿಯೂ ಇದೆ. ಆದರೆ ಧಾರವಾಡದ ಮಳೆಯೇ ಬೇರೆ, ವರ್ಷಕ್ಕೆ 3,000 ಮಿಲಿಮೀಟರಿಗೂ ಮಿಗಿಲಾಗಿ ಸುರಿಯುವ ಹೊನ್ನಾವರದ ಮಳೆಯೇ ಬೇರೆ. ಅಲ್ಲಿಯ ಫಲಿತಾಂಶವನ್ನು ಇಲ್ಲಿಯ ಜಂಬಿಟ್ಟಿಗೆ ಮಣ್ಣಿಗೆ ಹಾಗೆಯೇ ಅನ್ವಯಿಸಲಾಗದು. ಇಲ್ಲಿಯೇ ಬೆಳೆದು ನೋಡಬೇಕು. ಈ ವಿಧಾನ ನಮಗೇನೂ ಹೊಸದಲ್ಲ. ಪೋರ್ಚುಗೀಸರಿಂದ ಹೊನ್ನಾವರವನ್ನು ಗೆದ್ದ ಕೆಳದಿಯ ಶಿವಪ್ಪ ನಾಯಕರು ‘ಶಿಸ್ತು’ ಎಂಬ ಕಂದಾಯವನ್ನು ನಿಗದಿಮಾಡುವ ಮುನ್ನ, ಗ್ರಾಮಗ್ರಾಮದಲ್ಲಿ ಒಂದೊಂದು ಬಗೆಯ ಮಣ್ಣಿನ ಒಂದೊಂದು ಹೊಲವನ್ನು 12 ವರ್ಷ ತಮ್ಮ ವೆಚ್ಚದಲ್ಲಿಯೇ ಸಾಗುಮಾಡಿಸಿ, ಬೀಜ, ಖರ್ಚು, ಉತ್ಪತ್ತಿಗಳ ಲೆಕ್ಕವನ್ನು ಇಡಿಸಿದರೆಂದು ಮೈಸೂರಿನ ಗೆಜೆಟಿಯರಿನಲ್ಲಿ ದಾಖಲಾಗಿದೆ. ಇಂದಿನ ಕ್ಷೇತ್ರ ಪ್ರಯೋಗಕ್ಕೆ ಇದಕ್ಕಿಂತ ಉತ್ತಮ ಮಾದರಿ ಬೇಕೆಂದು ನಮಗೆ ತೋರುವುದಿಲ್ಲ. (ಮರಗೆಣಸನ್ನು ಈ ಕರಾವಳಿಗೆ ತಂದವರು ಅದೇ ಪೋರ್ಚುಗೀಸರೆಂಬುದು ಇತಿಹಾಸದ ವಿನೋದ!)

ಪ್ರಯೋಗಕ್ಕೆ ಒಂದು ಗುಂಟೆ ಸಾಕು. ಗಿಡದಿಂದ ಗಿಡಕ್ಕೆ ಎಲ್ಲ ಕಡೆಗೂ 90 ಸೆಂಟಿಮೀಟರ್ ಅಂತರವಿಟ್ಟರೆ ಸುಮಾರು 125 ಗಿಡ ಹಿಡಿಯುತ್ತದೆ. ಊರಿನ ತಳಿಯನ್ನೂ ಹೊಸ ತಳಿಯನ್ನೂ ಅಕ್ಕಪಕ್ಕದ ಸಾಲುಗಳಲ್ಲಿ ನೆಡಬೇಕು. ಒಂದನ್ನು ಇಳಿಜಾರಿನ ಮೇಲೆ, ಮತ್ತೊಂದನ್ನು ಕೆಳಗೆ ನೆಟ್ಟರೆ ತೂಕದ ವ್ಯತ್ಯಾಸ ತಳಿಯದೋ ಮಣ್ಣಿನದೋ ತಿಳಿಯದು. ಬಲಿತ ಕಾಂಡದ ತುದಿ-ಬುಡಗಳನ್ನು ಬಿಟ್ಟು, 15ರಿಂದ 20 ಸೆಂಟಿಮೀಟರಿನ ತುಂಡುಗಳನ್ನು ಮೇ ತಿಂಗಳ ಮೊದಲ ಮಳೆಗೆ ನಡಬೇಕು. ಮುಂಗಾರು ಬಲಿಯುವಷ್ಟರಲ್ಲಿ ಬೇರು ಹಿಡಿದಿರುತ್ತದೆ. ನೀರು ನಿಲ್ಲುವಲ್ಲಿ ಗೆಡ್ಡೆ ಕೊಳೆಯುವುದರಿಂದ ಮಣ್ಣಿನ ಗುಡ್ಡೆಯ ಮೇಲೆ, ಇಳಿಜಾರಿನಲ್ಲಿ ಅಡ್ಡವಾಗಿ ಎಳೆದ ಬೋದಿನ ಮೇಲೆ ನೆಡುವುದು ಲೇಸು. ಗಜನಿಯ ಉಪ್ಪು ನೆಲದತ್ತ ಇದನ್ನು ಒಯ್ಯಲೇಬಾರದು. ಗಿಡಕ್ಕೆ ಎರಡೇ ಚಿಗುರು ಉಳಿಯಲಿ. ಕೊಟ್ಟಿಗೆಯ ಗೊಬ್ಬರದೊಡನೆ ಪೊಟ್ಯಾಷ್ ಕೂಡ ಅವಶ್ಯ. ಅದು ಪಿಷ್ಟವನ್ನು ಹೆಚ್ಚಿಸಿ ವಿಷಾಂಶವನ್ನು ತಗ್ಗಿಸುತ್ತದೆ. ಮಳೆಗೆ ಅದು ತೊಳೆದುಹೋಗುವುದರಿಂದ ಎರಡು ಕಂತಿನಲ್ಲಿ ಕೊಡಬೇಕು. ಒಲೆಯ ಬೂದಿಯಲ್ಲಿಯೂ ಅದಿದೆ.

ಕೀಳುವಾಗ ಪ್ರತಿ ಸಾಲಿನ ತೂಕವನ್ನು ಬರೆದಿಡಿರಿ. ಬೇಯಿಸಿ ರುಚಿ ನೋಡಿ ಹೇಳುವ ಕೆಲಸ ಮನೆಯ ಮಾತೆಯರದು. ಅವರು ಒಲ್ಲೆನೆಂದ ತಳಿಯನ್ನು ತಕ್ಕಡಿ ಎಷ್ಟು ಹೊಗಳಿದರೂ ಬಿಟ್ಟುಬಿಡುವುದೇ ಸರಿ. ಕಿತ್ತ ಗೆಡ್ಡೆ ಎರಡು-ಮೂರು ದಿನಗಳಲ್ಲಿ ಒಳಗೇ ಕಪ್ಪಾಗುವುದರಿಂದ, ಅಂದಂದಿಗೆ ಬೇಕಾದ ಗಿಡಗಳನ್ನಷ್ಟೇ ಕಿತ್ತು, ಉಳಿದವನ್ನು ನೆಲದಲ್ಲಿಯೇ ಬಿಟ್ಟಿರಬಹುದು.