ಹಾಡು ಯಾರದ್ದು ಅಂತ ಬರೀರಿ

1/5
ಮೊನ್ನೆ ಕ್ಲಾಸಲ್ಲಿ ಒಬ್ಬ ‘ಗುಡುಗುಡಿಯ ಸೇದಿ ನೋಡೋ’ ಗುನುಗ್ತಾ ಇದ್ದ. ಯಾರ ಹಾಡೋ ಅಂತ ಕೇಳ್ದೆ. “ರಘು ದೀಕ್ಷಿತ್‌ದು, ಅಷ್ಟೂ ಗೊತ್ತಿಲ್ವನಾ ಮಾರಾಯಾ?” ಅಂದ.

ಅಲ್ಲ. ಅದು ಶಿಶುನಾಳ ಶರೀಫರದ್ದು. ಮುಂಡಗೋಡ ದಾಟಿದ್ರೆ ಸಿಗೋ ಶಿಗ್ಗಾವಿ ತಾಲೂಕಿನವರು. 1819ರಲ್ಲಿ ಹುಟ್ಟಿ 1889ರಲ್ಲಿ ತೀರಿಕೊಂಡವರು. ಗೆಳೆಯನನ್ನ ಆಡ್ಕೊಳ್ಳೋಕೆ ಇದನ್ನ ಬರೀತಾ ಇಲ್ಲ. ನಾನು ಮಾಡಿದ್ದು ಇದಕ್ಕಿಂತ ದೊಡ್ಡ ತಪ್ಪು. 4ನೇ ಫೋಟೊಕ್ಕೆ ಬಂದಾಗ ಹೇಳ್ತೇನೆ.

2/5
ಮೊದಲು ರಘು ದೀಕ್ಷಿತ್ ಬಗ್ಗೆ. ಹುಟ್ಟಿದ್ದು 1974ರಲ್ಲಿ ನಾಸಿಕ್‌ನಲ್ಲಿ, ಬೆಳೆದದ್ದು ಮೈಸೂರಲ್ಲಿ. ಮೈಕ್ರೋಬಯಾಲಜಿ ಎಂಎಸ್ಸಿಯಲ್ಲಿ ಚಿನ್ನದ ಪದಕ. ಭರತನಾಟ್ಯ ಕಲಿತವರು, ಗಿಟಾರ್ ಮಾತ್ರ ತಾವೇ ಕಲಿತದ್ದು. ಬೆಲ್ಜಿಯಂನಲ್ಲಿ ಔಷಧ ಕಂಪನಿಯ ಕೆಲಸ ಇತ್ತು, ಬಿಟ್ಟು ವಾಪಸ್ ಬಂದ್ರು. ಮೊದಲ ಆಲ್ಬಂ ಹೊರಗೆ ಬಂದದ್ದು 2008ರಲ್ಲಿ, ಸಂಗೀತ ನಿರ್ದೇಶಕರಾದ ವಿಶಾಲ್-ಶೇಖರ್ ಅವರ ಲೇಬಲ್‌ನಿಂದ. ಅಷ್ಟೊತ್ತಿಗೆ ಅವರಿಗೆ 33 ದಾಟಿತ್ತು. 2010ರಲ್ಲಿ ಬಿಬಿಸಿಯ ಜೂಲ್ಸ್ ಹಾಲೆಂಡ್ ಶೋವರೆಗೂ ಹೋದ್ರು, ಅದೇ ಬಣ್ಣದ ಲುಂಗಿ, ಕಾಲಿಗೆ ಗೆಜ್ಜೆ.

ನಮ್ಮಲ್ಲಿ ಎಷ್ಟೋ ಜನ ಶರೀಫರ ಹೆಸರನ್ನ ಮೊದಲ ಸಲ ಕೇಳಿದ್ದೇ ಇವರಿಂದ. ಅದಕ್ಕೆ ಥ್ಯಾಂಕ್ಸ್ ಹೇಳ್ಲೇಬೇಕು.

3/5
“ಗಿಟಾರ್, ಡ್ರಮ್ ಹಾಕಿ ತತ್ವಪದ ಹಾಳು ಮಾಡಿದ್ರು” ಅನ್ನೋ ದೊಡ್ಡವರೂ ಇದ್ದಾರೆ. ನಾನು ಒಪ್ಪೋದಿಲ್ಲ. ಇವರಿಗಿಂತ ಮೊದಲೇ ಸಿ. ಅಶ್ವತ್ಥ್ ಶರೀಫರ ಪದಗಳಿಗೆ ಹೊಸ ರಾಗ ಹಾಕಿದ್ರು. 1990ರ ‘ಸಂತ ಶಿಶುನಾಳ ಶರೀಫ’ ಸಿನಿಮಾದ ಸಂಗೀತವೂ ಅವರದ್ದೇ. ಶರೀಫರಾದ್ರೂ ಹುಕ್ಕ, ಸೋರೋ ಮನೆ, ಗಿರಣಿ ಅಂತ ಕಣ್ಣಿಗೆ ಬಿದ್ದದ್ದನ್ನೆಲ್ಲ ಹಾಡು ಮಾಡಿದವರು.

ಇನ್ನು ನಮ್ಮ ಶಿರಸಿಯನ್ನೇ ನೋಡಿ. ಮಾರಿಕಾಂಬಾ ಜಾತ್ರೆ ಇಲ್ಲದ ವರ್ಷ ಹೋಳಿಗೆ ಬೇಡರ ವೇಷ ಬರ್ತದೆ. ರಾತ್ರಿಯೆಲ್ಲ ಬೀದೀಲಿ ಆ ಹಲಗೆ ಸದ್ದಿಗೆ ಎದೆ ನಡುಗ್ತದೆ. ಅದರ ಮುಂದೆ ಯಾವ ರಾಕ್ ಶೋ? ಜೋರು ಸದ್ದು ನಮಗೆ ಹೊಸದಲ್ಲ.

ನನ್ನ ತಕರಾರು ಬೇರೆ.

4/5
ಶರೀಫರ ಪದದ ಕೊನೆಗೆ ಅವರ ಅಂಕಿತ ಇರ್ತದೆ, ‘ಶಿಶುನಾಳಧೀಶ’ ಅಂತ. ಯಾರೇ ಹಾಡ್ಲಿ, ಎಷ್ಟೇ ಗಿಟಾರ್ ಬಾರಿಸ್ಲಿ, ಕೊನೇವರೆಗೆ ಹಾಡಿದ್ರೆ ಊರಿನ ಹೆಸರು ಬಂದೇ ಬರ್ತದೆ. ಆದ್ರೆ ಸಿದ್ದಾಪುರ ಕಡೆ ಹಸೆ ಬರೀತಾ ಹೆಂಗಸರು ಹಾಡೋ ಹಾಡಿಗೆ ಅಂಕಿತ ಎಲ್ಲಿದೆ? ಯಲ್ಲಾಪುರದ ಸಿದ್ದಿಗಳು ಡಮಾಮಿ ಬಡಿದು ಹಾಡೋದಕ್ಕೆ? ಅದೇ ವಿಡಿಯೊ ನಮ್ಮ ಕೈಗೆ ಬಂದ್ರೆ ಕೆಳಗೆ ‘ಜಾನಪದ’ ಅಂತ ಒಂದೇ ಪದ. ಹೇಳೋರು ಕೇಳೋರು ಇಲ್ಲದ ಹಾಡಿನ ಹಾಗೆ.

ಈಗ ನನ್ನ ತಪ್ಪು. ಎರಡು ವರ್ಷದ ಹಿಂದೆ ಅಕ್ಕನ ಮದುವೇಲಿ ಅಜ್ಜಿ ಹಾಡಿದ್ರು. ನಾನು ವಿಡಿಯೊ ಮಾಡ್ದೆ. ರೀಲ್ ಹಾಕುವಾಗ ಅಜ್ಜಿ ದನಿ ಮ್ಯೂಟ್ ಮಾಡಿ ಸಿನಿಮಾ ಹಾಡು ಕೂರಿಸ್ದೆ. ಲೈಕ್ಸ್ ಚೆನ್ನಾಗೇ ಬಂತು. ಫೋನ್ ತುಂಬಿತು ಅಂತ ಮೂಲ ವಿಡಿಯೊ ಅಳಿಸಿಬಿಟ್ಟೆ. ಈಗ ಕೇಳಿದ್ರೆ ಅಜ್ಜಿಗೆ ಮೊದಲಿನ ಎರಡು ಸಾಲು ನೆನಪು, ಮುಂದಿಂದು ಬರೋದಿಲ್ಲ. “ಹೋಗ್ಲಿ ಬಿಡು” ಅಂತಾರೆ.

5/5
ಅಂಕೋಲಾದ ಸುಕ್ರಿ ಬೊಮ್ಮಗೌಡರು ಗೊತ್ತಲ್ಲ? ಓದು ಬರಹ ಕಲಿತವರಲ್ಲ, ಆದ್ರೆ ಹಾಲಕ್ಕಿಗಳ ಸಾವಿರಾರು ಹಾಡು ಅವರ ಬಾಯಲ್ಲಿತ್ತು. 2017ರಲ್ಲಿ ಪದ್ಮಶ್ರೀ ಬಂತು. 2025ರ ಫೆಬ್ರುವರಿಯಲ್ಲಿ ಹೋಗಿಬಿಟ್ರು. ಅವತ್ತು ನಾವೆಲ್ಲ ಸ್ಟೋರಿ ಹಾಕಿದ್ವಿ. ಅದರ ಹಿಂದಿನ ದಿನ ಅವರ ಹಾಡು ಕೇಳಿದವರು ನಮ್ಮಲ್ಲಿ ಎಷ್ಟು ಮಂದಿ?

ಬಿಕಾಂನಲ್ಲಿ ಮೊದಲು ಕಲಿಸೋದೇ ಇದು: ಪಡೆದವನಿಗೆ ಡೆಬಿಟ್, ಕೊಟ್ಟವನಿಗೆ ಕ್ರೆಡಿಟ್. ಪರೀಕ್ಷೇಲಿ ಸರಿಯಾಗೇ ಬರೀತೇವೆ. ಹಾಡಿನ ವಿಷಯಕ್ಕೆ ಬಂದ್ರೆ ಮಾತ್ರ ಲೆಕ್ಕ ತಪ್ತೇವೆ.

ಅದಕ್ಕೇ ಹೇಳೋದು. ಕಾಲೇಜ್ ಫೆಸ್ಟ್‌ನಲ್ಲಿ ಫ್ಯೂಷನ್ ಮಾಡಿ, ಗಿಟಾರ್ ಹಾಕಿ, ಕುಣೀರಿ. ಆದ್ರೆ ಹಾಡು ಕಲಿಸಿದವರು ಯಾರು, ಯಾವ ಊರು, ಅವರನ್ನ ಕೇಳಿ ಬರೀರಿ. ಸ್ಟೇಜಿಗೆ ಕರೀರಿ. ಬಹುಮಾನದ ದುಡ್ಡು ಬಂದ್ರೆ ಅವರಿಗೂ ಪಾಲು ಕೊಡಿ. ಅಂಕಿತ ಇಲ್ಲದ ಹಾಡಿಗೆ ನಾವು ಬರೆಯೋ ಕ್ಯಾಪ್ಶನ್ನೇ ಅಂಕಿತ.

ಈ ಭಾನುವಾರ ನಾನು ಅಜ್ಜಿಯ ತಂಗಿ ಮನೆಗೆ ಹೋಗ್ತಾ ಇದ್ದೇನೆ. ಅವರಿಗೆ ಆ ಹಾಡು ಪೂರ್ತಿ ಬರ್ತದಂತೆ. ಫೋನ್ ಖಾಲಿ ಮಾಡಿಟ್ಟಿದ್ದೇನೆ. ನಿಮ್ಮ ಮನೇಲಿ ಯಾರಿಗೆ ಯಾವ ಹಾಡು ಬರ್ತದೆ? ಕೆಳಗೆ ಬರೀರಿ, ಹೆಸರು ಊರು ಸಮೇತ.

#ಶಿರಸಿ #ಸಿದ್ದಾಪುರ #ಯಲ್ಲಾಪುರ #ಹಾಡುಯಾರದ್ದು