ಕೊಡುವವರ ಪಕ್ಷ, ಉಣ್ಣುವವರ ತಟ್ಟೆ

ಇಂದಿರಾನಗರದ ಕಡೆ ನಾಲ್ಕು ಜನ ಸೇರಿದರೆ ಈಗೀಗ ಒಂದು ಮಾತು ಬಂದೇ ಬರುತ್ತದೆ: ಬಡವರಿಗೆ ಸರ್ಕಾರ ಕೊಡಲಿ ಎನ್ನುವವರು ಸ್ವಂತ ಜೇಬಿಗೆ ಕೈ ಹಾಕುವುದಿಲ್ಲ, ‘ಬಿಟ್ಟಿ ಭಾಗ್ಯ’ ಬೇಡ ಎನ್ನುವ ನಾವೇ ನಿಜವಾದ ದಾನಿಗಳು. ಈ ಮಾತಿಗೆ ಅಮೆರಿಕದ ಊರುಗೋಲೂ ಸಿಗುತ್ತದೆ. ಅಲ್ಲಿನ ಸಂಪ್ರದಾಯವಾದಿಗಳು ಉದಾರವಾದಿಗಳಿಗಿಂತ ಹೆಚ್ಚು ಕೊಡುತ್ತಾರೆಂದು ಆರ್ಥರ್ ಬ್ರೂಕ್ಸ್ 2006ರಲ್ಲಿ ಒಂದು ಪುಸ್ತಕವನ್ನೇ ಬರೆದರು. ಆದರೆ ಅವರ ಲೆಕ್ಕದಲ್ಲೂ ಕೈ ಬಿಚ್ಚಿಸಿದ್ದು ಪಕ್ಷಕ್ಕಿಂತ ಹೆಚ್ಚಾಗಿ ಧರ್ಮಶ್ರದ್ಧೆ. ಆಮೇಲೆ ಬಂದ ಮಾರ್ಗೋಲಿಸ್ ಮತ್ತು ಸ್ಯಾನ್ಸಸ್ ಅವರ ಅಧ್ಯಯನಕ್ಕೆ ಎರಡೂ ಬಣದ ಔದಾರ್ಯದಲ್ಲಿ ಹೇಳಿಕೊಳ್ಳುವ ಅಂತರ ಕಾಣಲಿಲ್ಲ. ಹಣ ಹೋಗುವ ದಿಕ್ಕು ಮಾತ್ರ ಬೇರೆಯಿತ್ತು.

ನಾನು ಹೇಳುವುದೂ ಅಷ್ಟೇ. ಎಷ್ಟು ಕೊಡಬೇಕೆಂಬುದನ್ನು ನಮ್ಮ ರಾಜಕೀಯ ನಿರ್ಧರಿಸುವುದು ಕಡಿಮೆ. ಯಾರಿಗೆ ಕೊಡಬೇಕು, ಯಾವ ಷರತ್ತು ಹಾಕಬೇಕು ಎಂಬಲ್ಲಿ ಅದು ಕೈಯಾಡಿಸುತ್ತದೆ. ರಂಜಾನ್ ತಿಂಗಳಲ್ಲಿ ಶಿವಾಜಿನಗರದ ವ್ಯಾಪಾರಿ ಉಳಿತಾಯದ ನೂರಕ್ಕೆ ಎರಡೂವರೆ ರೂಪಾಯಿ ಜಕಾತ್ ಲೆಕ್ಕ ಹಾಕುವಾಗ ಯಾವ ಪಕ್ಷದ ಪ್ರಣಾಳಿಕೆಯನ್ನೂ ತೆರೆದು ನೋಡುವುದಿಲ್ಲ. ಹಲಸೂರಿನ ಗುರುದ್ವಾರದ ಲಂಗರ್‌ಗೆ ಹಿಟ್ಟು ತಂದಿಳಿಸುವವನೂ ಅಷ್ಟೆ. ತೆರಿಗೆ ಉಳಿಸಲೆಂದೇ ಶ್ರೀಮಂತರು ಕೊಡುತ್ತಾರೆ ಎನ್ನುವವರಿಗೆ ಒಂದೇ ಮಾತು: ಹೊಸ ತೆರಿಗೆ ಪದ್ಧತಿಯಲ್ಲಿ 80ಜಿ ವಿನಾಯಿತಿಯೇ ಇಲ್ಲ.

ದಂಡಿನ ಹಳೆಯ ದಾನಿಗಳಲ್ಲೂ ರಾಜಕೀಯ ಇರಲಿಲ್ಲವೆಂದಲ್ಲ. ಅಠಾರಾ ಕಚೇರಿ ಕಟ್ಟಿಸಿದ ಗುತ್ತಿಗೆದಾರ ಆರ್ಕಾಟ್ ನಾರಾಯಣಸ್ವಾಮಿ ಮೊದಲಿಯಾರ್ 1873ರಲ್ಲಿ ಶಾಲೆ ತೆರೆದರು. ಇಂದಿನ ಆರ್‌ಬಿಎಎನ್‌ಎಂ ಸಂಸ್ಥೆಗಳ ಬೇರು ಅದು. ಹೆಸರಿನ ಮೊದಲೆರಡು ಅಕ್ಷರ ರಾಯ್ ಬಹದ್ದೂರ್ ಬಿರುದಿನವು. ಹಾಜಿ ಇಸ್ಮಾಯಿಲ್ ಸೇಠ್ ಅವರಿಗೆ ‘ಸರ್’ ಪದವಿ ಸಿಕ್ಕಿತು. ಬ್ರಿಟಿಷರ ಕಣ್ಣಿಗೆ ಬೀಳುವ ಆಸೆ ಇವರಿಗೆ ಇದ್ದಿರಬಹುದು, ಇರಲಿ. ಸೇಠರ ಹೆಸರಿನ ಶಿವಾಜಿನಗರದ ಘೋಷಾ ಆಸ್ಪತ್ರೆ ಹುಟ್ಟಿದ್ದು ಪರದೆಯೊಳಗಿನ ಹೆಂಗಸರಿಗಾಗಿ. ಅಂದರೆ ಕೊಟ್ಟವರ ನಂಬಿಕೆ ಅದರ ಹೆಸರಿನಲ್ಲೇ ಕೂತಿದೆ. ಈಗ ಅದು ಸರ್ಕಾರಿ ಹೆರಿಗೆ ಆಸ್ಪತ್ರೆ. ಎಲ್ಲ ಜಾತಿ ಧರ್ಮದ ಬಾಣಂತಿಯರೂ ಅಲ್ಲಿ ಮಲಗುತ್ತಾರೆ.

ನನಗೆ ಇವರೆಲ್ಲರಿಗಿಂತ ಹೆಚ್ಚು ಇಷ್ಟದವರು ಎಲೆ ಮಲ್ಲಪ್ಪ ಶೆಟ್ಟರು. ವೀಳ್ಯದೆಲೆ ವ್ಯಾಪಾರ ಹೆಸರಿಗೇ ಅಂಟಿಕೊಂಡ ಮನುಷ್ಯ. ನೀರಿಗೆ ಬರ ಬಂದ ಕಾಲದಲ್ಲಿ ಕೆ.ಆರ್. ಪುರದಾಚೆ, ಹಳೆ ಮದ್ರಾಸ್ ರಸ್ತೆಯ ಮಗ್ಗುಲಲ್ಲಿ, ಕೆರೆ ಕಟ್ಟಿಸಲು ದುಡಿದ ಹಣ ಸುರಿದರು. ಗುಡಿಗೆ ಕೊಟ್ಟಿದ್ದರೆ ಗೋಡೆಯ ಮೇಲೆ ಹೆಸರು, ಛತ್ರಕ್ಕೆ ಕೊಟ್ಟಿದ್ದರೆ ಇಳಿದುಕೊಳ್ಳುವವರಿಗೆ ಜಾತಿಯ ನಿಯಮ. ಕೆರೆಗೆ ಕೊಟ್ಟರೆ ನೀರು ಹರಿದ ಗದ್ದೆಯೆಲ್ಲ ಫಲಾನುಭವಿ, ಆಯ್ಕೆ ಮಾಡುವ ಅಧಿಕಾರವೇ ದಾನಿಯ ಕೈತಪ್ಪುತ್ತದೆ. ಇವತ್ತು ಅದೇ ಕೆರೆಗೆ ಸುತ್ತಲಿನ ಬಡಾವಣೆಗಳ ಕೊಳಚೆ ಬಂದು ಬೀಳುತ್ತಿದೆ. ದಾನದ ವಿಷಯದಲ್ಲಿ ಉಪನ್ಯಾಸ ಕೊಡುವ ನಮ್ಮ ಅಪಾರ್ಟ್‌ಮೆಂಟುಗಳು ಆ ಮಗ್ಗುಲಿಗೆ ಒಮ್ಮೆ ಮೂಗು ತಿರುಗಿಸಬೇಕು.

ಈ ಕಾಲದ ಜಗಳ ಮೊಟ್ಟೆಯದು. 2000ದಲ್ಲಿ ಬೆಂಗಳೂರಿನ ಐದು ಶಾಲೆಗಳಿಂದ ಶುರುವಾದ, ಭಕ್ತರು ನಡೆಸುವ ಬಿಸಿಯೂಟದ ಸಂಸ್ಥೆ ಅಕ್ಷಯ ಪಾತ್ರೆ ಲಕ್ಷಾಂತರ ಮಕ್ಕಳ ಹೊಟ್ಟೆ ತುಂಬಿಸಿದೆ. ಆದರೆ ಅದರ ಅಡುಗೆಯಲ್ಲಿ ಈರುಳ್ಳಿ ಬೆಳ್ಳುಳ್ಳಿ ಇಲ್ಲ, ಮೊಟ್ಟೆಯಂತೂ ಇಲ್ಲ. ಅವರ ಪರವಾದ ವಾದವನ್ನು ತಳ್ಳಿಹಾಕುವಂತಿಲ್ಲ. ತನ್ನ ಮನಸ್ಸಾಕ್ಷಿ ಒಪ್ಪದ್ದನ್ನು ಬೇಯಿಸು ಎಂದು ಭಕ್ತನಿಗೆ ಯಾವ ನ್ಯಾಯದಿಂದ ಹೇಳುವುದು? ಹಾಗೆ ಒತ್ತಾಯಿಸಿದರೆ ಆತ ಸೌಟು ಕೆಳಗಿಟ್ಟು ಹೋಗುತ್ತಾನೆ, ಹಸಿದ ಮಗುವಿಗೆ ಅದರಿಂದ ಲಾಭವೇನು? ದೇವಸ್ಥಾನದ ಅನ್ನದಾನದಲ್ಲಿ ಈ ಮಾತಿಗೆ ನನ್ನ ಪೂರ್ತಿ ಒಪ್ಪಿಗೆ. ಶಾಲೆಯ ಕಥೆ ಬೇರೆ. ಅಲ್ಲಿ ಅಕ್ಕಿ ಸರ್ಕಾರದ್ದು, ಅನುದಾನ ಸರ್ಕಾರದ್ದು, ಹಾಜರಿ ಪುಸ್ತಕ ಸರ್ಕಾರದ್ದು. ಸಾರ್ವಜನಿಕರ ಹಣದಲ್ಲಿ ಬೆಂದ ಅನ್ನಕ್ಕೆ ಒಬ್ಬರ ಆಚಾರ ನಿಯಮವಾಗಕೂಡದು. ಮೊಟ್ಟೆ ಕೊಡಬೇಡಿ ಎಂದು 2021ರಲ್ಲಿ ಬೀದಿಗಿಳಿಯುವ ಎಚ್ಚರಿಕೆ ಕೊಟ್ಟ ಮಠಾಧೀಶರು ಮಕ್ಕಳನ್ನೊಂದು ಮಾತು ಕೇಳಿದ್ದರೆ ಸಾಕಿತ್ತು.

2024ರಲ್ಲಿ ಅಜೀಂ ಪ್ರೇಮ್‌ಜಿ ಪ್ರತಿಷ್ಠಾನ ಶಾಲೆಯ ಮೊಟ್ಟೆಗೆಂದು ಮೂರು ವರ್ಷಕ್ಕೆ ಸುಮಾರು 1,500 ಕೋಟಿ ರೂಪಾಯಿ ಕೊಡಲು ಒಪ್ಪಿತು. ವಾರಕ್ಕೆರಡು ದಿನವಿದ್ದ ಮೊಟ್ಟೆ ಆರು ದಿನವಾಯಿತು. ಆಗ ಒಂದು ಮೊಟ್ಟೆಗೆ ಇಟ್ಟದ್ದು ಆರು ರೂಪಾಯಿ, ಅದರಲ್ಲಿ ಸಿಪ್ಪೆ ಸುಲಿಯಲು 30 ಪೈಸೆ. ಮೊಟ್ಟೆ ತಿನ್ನದ ಮಗುವಿಗೆ ಬಾಳೆಹಣ್ಣು. ಇದರ ಹಿಂದೆಯೂ ಒಂದು ರಾಜಕೀಯ ದೃಷ್ಟಿ ಇದೆ ಎಂದರೆ ನಾನು ಅಲ್ಲಗಳೆಯುವುದಿಲ್ಲ. ಆದರೆ ತಟ್ಟೆಯ ಮುಂದೆ ಕೂತ ಹುಡುಗಿ ಮೊಟ್ಟೆಯೋ ಬಾಳೆಹಣ್ಣೋ ಎಂದು ತಾನೇ ಹೇಳಬಹುದು, ದಾನಿ ಅವಳ ಪರವಾಗಿ ಹೇಳುವುದಿಲ್ಲ. ನನ್ನ ಲೆಕ್ಕದಲ್ಲಿ ಎರಡು ದಾನಗಳಿಗಿರುವ ವ್ಯತ್ಯಾಸ ಇದು. ಎಡ ಬಲ ಎಂದು ಅಳೆಯುತ್ತ ಕೂತವರಿಗೆ ಇದು ಕಾಣುವುದಿಲ್ಲ.

ಇನ್ನು ‘ಸರ್ಕಾರ ಯಾಕೆ, ನಾವೇ ಸಾಕು’ ಎನ್ನುವವರು ಒಪ್ಪಂದದ ಅವಧಿಯನ್ನು ಇನ್ನೊಮ್ಮೆ ಓದಲಿ. ದೇಶದ ಅತಿ ದೊಡ್ಡ ದಾನಿಗಳಲ್ಲಿ ಒಬ್ಬರು ಮಾತು ಕೊಟ್ಟಿರುವುದು ಮೂರು ವರ್ಷಕ್ಕೆ. ಒಂದನೇ ತರಗತಿಗೆ ಸೇರಿದ ಮಗು ಹತ್ತನೆಯದನ್ನು ಮುಗಿಸಲು ಹತ್ತು ವರ್ಷ ಬೇಕು.