ತಗಡಿನ ಪೀಪಾಯಿ ಕಲಿಸುವ ಪಾಠ

ಅಮೆರಿಕ, ಕೆನಡಾಗಳಲ್ಲಿ ಫೆಬ್ರುವರಿ ಎಂದರೆ ಕೊರೆಯುವ ಚಳಿ. ಆ ಹೊತ್ತಿಗೆ ಕಾಲೇಜು ಹುಡುಗ ಹುಡುಗಿಯರು ಹತ್ತಿಪ್ಪತ್ತು ಮಂದಿ ಗುಂಪು ಕಟ್ಟಿಕೊಂಡು ಬಿಸಿಲಿನ ದ್ವೀಪವೊಂದಕ್ಕೆ ಹೊರಡುವುದುಂಟು. ಕಾರ್ನಿವಲ್‌ಗೆ ಹೆಸರಾದ ಟ್ರಿನಿಡಾಡ್ ಅಂಥದೊಂದು ದ್ವೀಪ. ಅಲ್ಲಿ ಓದುತ್ತಿರುವ ನಮ್ಮ ಕಡೆಯ ಮಕ್ಕಳಿಗೂ ಕರೆ ಬರುತ್ತದೆ. ಆಗ ಮೈಸೂರಿನಲ್ಲೋ ದಾವಣಗೆರೆಯಲ್ಲೋ ಇರುವ ತಂದೆತಾಯಿಗೆ ಚಿಂತೆ ಶುರು: ಕುಡಿತ, ಕುಣಿತ, ಅರೆಬರೆ ಉಡುಪಿನ ಮೆರವಣಿಗೆ ಎಂದು ಕೇಳಿದ ಊರಿಗೆ ಮಗಳನ್ನು ಕಳಿಸುವುದೇ?

ಚಿಂತೆ ಸಹಜವೇ. ಆದರೆ ‘ಬೇಡ’ ಎನ್ನುವ ಮುಂಚೆ, ಅಥವಾ ‘ಹೋಗಿ ಬಾ’ ಎನ್ನುವ ಮುಂಚೆ, ಆ ಹಬ್ಬ ಎಂಥದೆಂದು ಇಬ್ಬರೂ ತಿಳಿದುಕೊಳ್ಳುವುದು ಒಳ್ಳೆಯದು. ದೇಶ ಸುತ್ತು, ಕೋಶ ಓದು ಎಂಬುದು ನಮ್ಮ ಗಾದೆ. ಟ್ರಿನಿಡಾಡಿನ ಮಟ್ಟಿಗೆ ಕೋಶ ಮೊದಲು, ದೇಶ ಆಮೇಲೆ.

ಕ್ರಿಕೆಟ್ ಬಲ್ಲವರಿಗೆ ಅದರ ರಾಜಧಾನಿ ಪೋರ್ಟ್ ಆಫ್ ಸ್ಪೇನ್ ಹೊಸ ಹೆಸರಲ್ಲ. 1976ರಲ್ಲಿ ನಮ್ಮ ವಿಶ್ವನಾಥ್ 112 ರನ್ ಹೊಡೆದು, ಭಾರತ 403ರ ಗುರಿ ಮುಟ್ಟಿ ಗೆದ್ದದ್ದು ಅಲ್ಲೇ. ಆ ದ್ವೀಪಕ್ಕೆ 1783ರ ನಂತರ ಬಂದು ನೆಲೆಸಿದ ಫ್ರೆಂಚ್ ತೋಟದ ಒಡೆಯರು, ಈಸ್ಟರ್‌ಗೆ ಮುಂಚಿನ ನಲವತ್ತು ದಿನಗಳ ಉಪವಾಸಕ್ಕೆ ಮೊದಲು ಮುಖವಾಡ ತೊಟ್ಟು ನರ್ತಿಸುತ್ತಿದ್ದರು. ಅವರ ಗುಲಾಮರಿಗೆ ಆ ಸಂಭ್ರಮದಲ್ಲಿ ಪಾಲಿರಲಿಲ್ಲ. 1838ರಲ್ಲಿ ಪೂರ್ಣ ಬಿಡುಗಡೆ ಸಿಕ್ಕ ಮೇಲೆ ಆಫ್ರಿಕ ಮೂಲದ ಜನ ದೊಂದಿ ಹಿಡಿದು, ಡೋಲು ಬಡಿಯುತ್ತ ಹಬ್ಬವನ್ನು ಬೀದಿಗೆ ತಂದರು. ಬ್ರಿಟಿಷ್ ಆಡಳಿತಕ್ಕೆ ಇದು ಸರಿಬೀಳಲಿಲ್ಲ. 1881ರಲ್ಲಿ ಪೊಲೀಸರಿಗೂ ಮೆರವಣಿಗೆಯವರಿಗೂ ಘರ್ಷಣೆಯಾಯಿತು. 1884ರಲ್ಲಿ ದೊಂದಿಗೂ ಡೋಲಿಗೂ ಕಾನೂನಿನ ಕಡಿವಾಣ ಬಿತ್ತು.

ಅದೇ ವರ್ಷ ಅಕ್ಟೋಬರ್ 30ರಂದು ಸ್ಯಾನ್ ಫರ್ನಾಂಡೋ ಪಟ್ಟಣದಲ್ಲಿ ಇನ್ನೊಂದು ಮೆರವಣಿಗೆಯ ಮೇಲೆ ಗುಂಡು ಹಾರಿತು. ಅದು ಭಾರತೀಯ ಕೂಲಿಗಳ ಮೊಹರಂ. 1845ರ ಮೇ 30ರಂದು ‘ಫತೇಲ್ ರಜಾಕ್’ ಹಡಗು ಮೊದಲ ತಂಡವನ್ನು ಇಳಿಸಿತ್ತು. 1917ರವರೆಗೆ ಕಬ್ಬಿನ ಗದ್ದೆಗಳ ದುಡಿಮೆಗೆಂದು ಹೀಗೆ ಬಂದ ಭಾರತೀಯರು ಸುಮಾರು 1.4 ಲಕ್ಷ. ನಮ್ಮ ಹಳ್ಳಿಗಳ ಬಾಬಯ್ಯನ ಹಬ್ಬದಂತೆ ಅಲ್ಲಿಯ ಮೊಹರಂನಲ್ಲೂ ಹಿಂದೂಗಳು ಕೂಡಿಕೊಳ್ಳುತ್ತಿದ್ದರು; ಅಂದು ಸತ್ತವರಲ್ಲಿ ಅವರೂ ಇದ್ದರು.

ಡೋಲು ನಿಂತಿತು, ಆದರೆ ತಾಳ ನಿಲ್ಲಲಿಲ್ಲ. ಜನ ಬಿದಿರಿನ ತುಂಡುಗಳನ್ನು ನೆಲಕ್ಕೆ ಕುಟ್ಟಿ ನುಡಿಸಿದರು. 1930ರ ದಶಕದ ಕೊನೆಗೆ ಬಿಸ್ಕತ್ತಿನ ಡಬ್ಬ, ಬಣ್ಣದ ಡಬ್ಬಗಳು ಬಂದವು. ಟ್ರಿನಿಡಾಡ್ ಎಣ್ಣೆ ಬಾವಿಗಳ ನಾಡು. ಆಮೇಲೆ 55 ಗ್ಯಾಲನ್‌ನ ಖಾಲಿ ಪೀಪಾಯಿಗಳೇ ಕೈಗೆ ಸಿಕ್ಕವು. ಪೀಪಾಯಿಯ ತಳವನ್ನು ಸುತ್ತಿಗೆಯಿಂದ ಬಡಿದು ಬೋಗುಣಿಯಂತೆ ತಗ್ಗಿಸಿ, ಕಾಯಿಸಿ, ಒಂದೊಂದು ಉಬ್ಬಿಗೆ ಒಂದೊಂದು ಸ್ವರ ಕೂಡಿಸಿದರೆ ಅದೇ ಸ್ಟೀಲ್‌ಪ್ಯಾನ್. ಬಡವರ ಕೇರಿಯ ಹುಡುಗರು ಕಂಡುಹಿಡಿದ ಈ ವಾದ್ಯ ಮೊದಮೊದಲು ಪುಂಡರ ಸೊತ್ತು ಎನಿಸಿಕೊಂಡಿತ್ತು. ಮರ್ಯಾದಸ್ತರು ತಮ್ಮ ಮಕ್ಕಳನ್ನು ಅತ್ತ ಸುಳಿಯಗೊಡುತ್ತಿರಲಿಲ್ಲ. 1951ರಲ್ಲಿ ಒಂದು ತಂಡ ಲಂಡನ್ನಿನ ಉತ್ಸವದಲ್ಲಿ ನುಡಿಸಿ ಬಂದ ಮೇಲೆ ನೋಟ ಬದಲಾಗತೊಡಗಿತು. 1992ರಲ್ಲಿ ಅದು ರಾಷ್ಟ್ರೀಯ ವಾದ್ಯವಾಯಿತು. 2023ರಲ್ಲಿ ವಿಶ್ವಸಂಸ್ಥೆಯು ಆಗಸ್ಟ್ 11ನ್ನು ವಿಶ್ವ ಸ್ಟೀಲ್‌ಪ್ಯಾನ್ ದಿನವೆಂದು ಸಾರಿತು.

ಆದ್ದರಿಂದ ವಿದ್ಯಾರ್ಥಿಗಳಿಗೊಂದು ಮಾತು. ಸೋಮವಾರ, ಮಂಗಳವಾರಗಳ ಮೆರವಣಿಗೆಗಷ್ಟೇ ಹೋದರೆ ಗರಿ, ಮಿಣುಕು, ಗದ್ದಲ ಕಂಡೀತು. ಸಾಧ್ಯವಾದರೆ ಒಂದು ವಾರ ಮೊದಲೇ ಹೋಗಿ. ಸಂಜೆ ಯಾವುದಾದರೂ ತಂಡದ ‘ಪ್ಯಾನ್‌ಯಾರ್ಡ್’, ಅಂದರೆ ತಾಲೀಮಿನ ಅಂಗಳದಲ್ಲಿ ಕುಳಿತು ಕೇಳಿ. ಶನಿವಾರದ ‘ಪನೋರಮಾ’ ಸ್ಪರ್ಧೆಯ ಅಂತಿಮ ಸುತ್ತಿಗೆ ಇಲ್ಲಿ ನೂರರ ಆಸುಪಾಸು ಜನ ಅಣಿಯಾಗುತ್ತಾರೆ. ಶಾಲಾ ಮಕ್ಕಳು, ಗುಮಾಸ್ತರು, ಮೇಷ್ಟರು ಎಲ್ಲ ಅವರಲ್ಲಿದ್ದಾರೆ. ಹಲವರಿಗೆ ಸ್ವರಲಿಪಿ ಓದಲು ಬಾರದು. ಕಲಿಸುವವನು ಒಂದು ತುಣುಕು ನುಡಿಸುತ್ತಾನೆ, ಅವರು ಅದನ್ನೇ ಮತ್ತೆ ಮತ್ತೆ ನುಡಿಸುತ್ತಾರೆ, ನಮ್ಮ ಸಂಗೀತದ ಪಾಠದಂತೆ. ಎಂಟು ಹತ್ತು ನಿಮಿಷದ ನಾದಕ್ಕೆ ವಾರಗಟ್ಟಲೆ ರಾತ್ರಿಗಳ ದುಡಿಮೆ. ಪರೀಕ್ಷೆಗೆ ಓದುವ ಮಕ್ಕಳು ನೋಡಬೇಕಾದ ದೃಶ್ಯವಿದು.

ಇನ್ನು ಪೋಷಕರಿಗೆ. ಅಪಾಯ ಇಲ್ಲವೇ ಇಲ್ಲ ಎಂದು ಯಾರೂ ಹೇಳಲಾರರು. ಅಪರಾಧ ಹೆಚ್ಚಿದ್ದರಿಂದ 2024ರ ಡಿಸೆಂಬರ್ 30ರಂದು ಅಲ್ಲಿ ತುರ್ತು ಪರಿಸ್ಥಿತಿ ಸಾರಲಾಯಿತು; 2025ರ ಕಾರ್ನಿವಲ್ ಅದರ ನಡುವೆಯೇ ನಡೆಯಿತು. ತಂಗುವ ಮನೆ ಯಾವುದು, ಗುಂಪಿನ ಹೊಣೆ ಯಾರದು, ರಾತ್ರಿ ವಾಹನ ಯಾವುದು ಎಂದು ಮೊದಲೇ ಕೇಳಿ. ಸೋಮವಾರ ಬೆಳಕು ಹರಿಯುವ ಮುನ್ನ ಆರಂಭವಾಗುವ ‘ಜೂವೇ’ ಎಂಬ ಕೆಸರು ಬಣ್ಣಗಳ ಓಕುಳಿಗೆ ಯಾರೂ ಒಂಟಿಯಾಗಿ ಹೋಗಬಾರದು. ಟ್ರಿನಿಡಾಡಿನಿಂದ ನೇರ ಭಾರತಕ್ಕೆ ಬರುವವರಿಗೆ ಹಳದಿ ಜ್ವರದ ಲಸಿಕೆಯ ಪತ್ರ ಬೇಕು. ಹತ್ತು ದಿನ ಮೊದಲೇ ಚುಚ್ಚಿಸಿಕೊಂಡಿರಬೇಕು. ಇಲ್ಲವಾದರೆ ಆರು ದಿನಗಳವರೆಗೆ ಪ್ರತ್ಯೇಕ ವಾಸವೇ ಗತಿ. ಅಮೆರಿಕದಲ್ಲಿ ಓದುವವರು ಐ-20 ಪತ್ರದ ಮೇಲೆ ಪ್ರವಾಸದ ಸಹಿ ಮರೆಯಬಾರದು.

ಇಷ್ಟಕ್ಕೆಲ್ಲ ಒಪ್ಪುವ ಗುಂಪಾದರೆ ಮಗಳನ್ನು ತಡೆಯಬೇಕಾಗಿಲ್ಲ. ಒಪ್ಪದ ಗುಂಪಾದರೆ, ಸಮುದ್ರ ನೋಡಲು ವರ್ಷದಲ್ಲಿ ಬೇರೆ ತಿಂಗಳೂ ಉಂಟು.